ಬೆಕ್ಕಿನ ಅಂಗಾಲು ಊದಿದ್ದಕ್ಕೆ ವೈರಸ್ ಟೆಸ್ಟ್ ಯಾಕೆ?

ಪ್ರಶ್ನೆ: ನಮ್ಮ ಬೆಕ್ಕಿನ ಅಂಗಾಲುಗಳು ಊದಿಕೊಂಡಿವೆ. ಕುಂಟುವುದಿಲ್ಲ, ಊಟ ಚೆನ್ನಾಗಿಯೇ ಮಾಡುತ್ತದೆ. ಡಾಕ್ಟರು ಎಫ್‌ಐವಿ ಟೆಸ್ಟ್ (ಬೆಕ್ಕುಗಳ ರೋಗನಿರೋಧಕ ಶಕ್ತಿ ಕುಗ್ಗಿಸುವ ಒಂದು ವೈರಸ್ಸಿನ ಪರೀಕ್ಷೆ) ಮಾಡಿಸಿ ಅಂದರು. ಕಾಲಿಗೂ ವೈರಸ್‌ಗೂ ಏನು ಸಂಬಂಧ?

ಮೊದಲು ಅಂಗಾಲನ್ನು ಸರಿಯಾಗಿ ನೋಡಿ. ನಡುವಿನ ದೊಡ್ಡ ಮೆತ್ತೆ ಗಾಳಿ ಇಳಿದ ಬಲೂನಿನ ಹಾಗೆ ಜೋತು ಬಿದ್ದಿದ್ದು, ಮೇಲೆ ಬಿಳಿ ಗೆರೆಗಳು ಅಡ್ಡಾದಿಡ್ಡಿ ಕಾಣುತ್ತಿದ್ದರೆ, ಅದೂ ಒಂದಕ್ಕಿಂತ ಜಾಸ್ತಿ ಕಾಲಲ್ಲಿ, ಡಾಕ್ಟರ ಅನುಮಾನ ಪ್ಲಾಸ್ಮಾ ಸೆಲ್ ಪೋಡೋಡರ್ಮಟೈಟಿಸ್ (ಪ್ಲಾಸ್ಮಾ ಕಣಗಳು ತುಂಬಿ ಅಂಗಾಲಿನ ಮೆತ್ತೆ ಊದುವ ತೊಂದರೆ) ಮೇಲೆ ಇರಬಹುದು. ಒಂದೇ ಕಾಲು ಊದಿದ್ದರೆ ಮುಳ್ಳೋ, ಕೀವೋ, ಗಡ್ಡೆಯೋ ಅಂತ ಮೊದಲು ನೋಡಬೇಕು.

ಪ್ಲಾಸ್ಮಾ ಕಣಗಳ ಕೆಲಸ ರೋಗದ ವಿರುದ್ಧ ಆ್ಯಂಟಿಬಾಡಿ ತಯಾರಿಸುವುದು. ಇಲ್ಲಿ ಅವು ಯಾವ ಶತ್ರುವೂ ಕಾಣದ ಮೆತ್ತೆಯೊಳಗೆ ಬಂದು ತುಂಬಿಕೊಳ್ಳುತ್ತವೆ. ಸೂಜಿಯಿಂದ ಸ್ವಲ್ಪ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹೆಚ್ಚಾಗಿ ಕಾಣುವುದು ಅವೇ.

ಎಫ್‌ಐವಿ ಬರುವುದು ಇಲ್ಲೇ. ಅದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ ಅಂತ ಎಲ್ಲರಿಗೂ ಗೊತ್ತು, ಆದರೆ ಅದೇ ಹೊತ್ತಿಗೆ ಆ್ಯಂಟಿಬಾಡಿ ವಿಭಾಗವನ್ನು ಕೆರಳಿಸಿ ಬೇಡದ ಆ್ಯಂಟಿಬಾಡಿಗಳನ್ನೂ ರಾಶಿ ಹಾಕಿಸುತ್ತದೆ. ಒಂದು ಕಡೆ ಕಾವಲು ಸಡಿಲ, ಇನ್ನೊಂದು ಕಡೆ ಸುಮ್ನೆ ಗದ್ದಲ. ಈ ಕಾಲಿನ ತೊಂದರೆ ಇರುವ ಎಷ್ಟೋ ಬೆಕ್ಕುಗಳಲ್ಲಿ ಈ ವೈರಸ್ ಸಿಕ್ಕಿದೆ. ಎಲ್ಲವುಗಳಲ್ಲೂ ಅಲ್ಲ, ಹಾಗಾಗಿ ವೈರಸ್ಸೇ ಕಾರಣ ಅಂತ ಹೇಳಿಬಿಡಲಾಗದು.

ಟೆಸ್ಟ್ ನೆಗೆಟಿವ್ ಬಂದರೂ, ಇತ್ತೀಚೆಗೆ ಬೇರೆ ಬೆಕ್ಕು ಕಚ್ಚಿದ್ದರೆ 60 ದಿನ ಬಿಟ್ಟು ಮತ್ತೆ ಮಾಡಿಸಿ. ಈ ವೈರಸ್ ಹರಡುವುದು ಹೆಚ್ಚಾಗಿ ಆಳವಾದ ಕಡಿತದಿಂದ. ಮನುಷ್ಯರಿಗೆ ಬರುವುದಿಲ್ಲ. 6 ತಿಂಗಳೊಳಗಿನ ಮರಿಯಲ್ಲಿ ಪಾಸಿಟಿವ್ ಬಂದರೆ ಗಾಬರಿ ಬೇಡ, ಈ ಟೆಸ್ಟ್ ಹುಡುಕುವುದು ಆ್ಯಂಟಿಬಾಡಿಯನ್ನು, ಅದು ತಾಯಿಯಿಂದ ಬಂದದ್ದಿರಬಹುದು.

ಇನ್ನು ಔಷಧಿ. ಸಾಮಾನ್ಯವಾಗಿ ಮೊದಲು ಕೊಡುವುದು ಡಾಕ್ಸಿಸೈಕ್ಲಿನ್. "ಸೋಂಕೇ ಇಲ್ಲ, ಆ್ಯಂಟಿಬಯೋಟಿಕ್ ಯಾಕೆ?" ಅನ್ನಿಸುತ್ತದೆ ಅಲ್ವಾ? ಇಲ್ಲಿ ಅದು ಬೇಕಾಗಿರುವುದು ರೋಗನಿರೋಧಕ ವ್ಯವಸ್ಥೆಯ ಆ ಗದ್ದಲ ತಗ್ಗಿಸಲು. ವಾರಗಟ್ಟಲೆ ಹಿಡಿಯುತ್ತದೆ, ನಾಲ್ಕು ದಿನಕ್ಕೆ ನಿಲ್ಲಿಸಬೇಡಿ. ಮಾತ್ರೆಯನ್ನು ಒಣದಾಗಿ ನುಂಗಿಸಲೂಬೇಡಿ. ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲೇ ಸುಟ್ಟು ಗಾಯವಾಗಿ, ನಾಳ ಕಿರಿದಾಗಿಬಿಡಬಹುದು. ಹಿಂದೆಯೇ ಸಿರಿಂಜಿನಲ್ಲಿ ಸ್ವಲ್ಪ ನೀರು ಕುಡಿಸಿ. ಇದಕ್ಕೆ ಬಗ್ಗದಿದ್ದರೆ ಸ್ಟೀರಾಯ್ಡ್ ಇದೆ, ಆದರೆ ಅದು ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ಅದುಮುತ್ತದೆ. ಎಫ್‌ಐವಿ ಇರುವ ಬೆಕ್ಕಿಗೆ ಅದನ್ನು ಕೊಡುವ ಮುನ್ನ ಯೋಚಿಸಲೇಬೇಕು. ಡಾಕ್ಟರು ಮೊದಲೇ ಟೆಸ್ಟ್ ಕೇಳಿದ್ದಕ್ಕೆ ಇದೂ ಒಂದು ಕಾರಣ.