ಸೆಂಡರ್ ಹೊಂದಬೇಕಾದದ್ದು ಎಂಜಿನ್‌ಗಲ್ಲ, ಮೀಟರ್‌ಗೆ

ಹಳೆಯ ಕಾರಿಗೆ ಬೇರೊಂದು ಎಂಜಿನ್ ಕೂರಿಸಿ, ವೈರಿಂಗ್ ಮುಗಿಸಿ, ಕೀಲಿ ತಿರುಗಿಸುತ್ತೀರಿ. ಎಂಜಿನ್ ಇನ್ನೂ ಚಾಲೂ ಆಗಿಲ್ಲ. ಆದರೆ ಆಯಿಲ್ ಪ್ರೆಶರ್ ಮೀಟರಿನ ಮುಳ್ಳು ಆಗಲೇ ಬಲತುದಿಗೆ ಹೋಗಿ ನಿಂತಿದೆ. ಸ್ಟಾರ್ಟ್ ಮಾಡಿದರೆ ಅದು ಏರುವ ಬದಲು ಇಳಿಯುತ್ತದೆ, ಆಕ್ಸಿಲರೇಟರ್ ಒತ್ತಿದರೆ ಇನ್ನಷ್ಟು ಇಳಿಯುತ್ತದೆ. ಆಯಿಲ್ ಪಂಪ್ ಕೆಟ್ಟಿತೆಂದು ಗಾಬರಿಬಿದ್ದು ಎಂಜಿನ್ ತಳದ ಆಯಿಲ್ ತೊಟ್ಟಿಯನ್ನು, ಅಂದರೆ ಸಂಪನ್ನು, ಬಿಚ್ಚಲು ಹೊರಟವರನ್ನು ನಾನು ಕಂಡಿದ್ದೇನೆ. ಪಂಪಿನಲ್ಲಿ ಯಾವ ದೋಷವೂ ಇರುವುದಿಲ್ಲ. ಎಂಜಿನ್ ಮೇಲೆ ಕೂತು ಆಯಿಲ್ ಒತ್ತಡವನ್ನು ಮೀಟರಿಗೆ ತಿಳಿಸುವ ಸೆಂಡರ್ ಒಂದು ಲೆಕ್ಕದಲ್ಲಿ ಹೇಳುತ್ತಿರುತ್ತದೆ, ಮೀಟರ್ ಇನ್ನೊಂದು ಲೆಕ್ಕದಲ್ಲಿ ಓದುತ್ತಿರುತ್ತದೆ, ಅಷ್ಟೆ.

ಈ ತಾಪತ್ರಯ ಮೊದಲಿನಿಂದ ಇದ್ದದ್ದಲ್ಲ. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ಡೋನ್ ಒಂದು ಬಾಗಿದ ಕೊಳವೆಗೆ ಪೇಟೆಂಟ್ ಪಡೆದರು. ಒಳಗಿನ ಒತ್ತಡ ಹೆಚ್ಚಿದಂತೆ ಆ ಕೊಳವೆ ನೆಟ್ಟಗಾಗಲು ಹವಣಿಸುತ್ತದೆ, ಅದರ ತುದಿಗೆ ಜೋಡಿಸಿದ ಮುಳ್ಳು ತಿರುಗುತ್ತದೆ. ಮೊದಲ ಕಾಲದ ಕಾರುಗಳಲ್ಲಿ ಎಂಜಿನ್‌ನಿಂದ ಡ್ಯಾಶ್‌ಬೋರ್ಡಿನ ತನಕ ತೆಳುವಾದ ಪೈಪ್ ಎಳೆದು, ಎಂಜಿನ್ ಆಯಿಲನ್ನೇ ಮೀಟರಿಗೆ ತಲುಪಿಸುತ್ತಿದ್ದರು. ಎಂಜಿನ್ ಯಾವುದಾದರೇನು, ಥ್ರೆಡ್ ಕೂಡಿದರೆ ಓದು ಸರಿಯಾಗಿಯೇ ಬರುತ್ತಿತ್ತು. ಪೈಪ್ ಒಡೆದರೆ ಮಾತ್ರ ಕಾದ ಆಯಿಲ್ ಚಾಲಕನ ಕಾಲ ಮೇಲೆ ಸುರಿಯುವ ಭಯ.

ಆ ಭಯ ತಪ್ಪಿಸಿದ್ದು ವಿದ್ಯುತ್ ಮೀಟರ್. ಸೆಂಡರಿನೊಳಗೆ ಒಂದು ಪೊರೆ. ಒತ್ತಡಕ್ಕೆ ಅದು ಉಬ್ಬಿದಾಗ ಸಣ್ಣದೊಂದು ತೋಳು ಸುರುಳಿ ತಂತಿಯ ಮೇಲೆ ಸರಿಯುತ್ತದೆ, ತಂತಿಯ ರೋಧ ಬದಲಾಗುತ್ತದೆ. ಮೀಟರಿಗೆ ಒತ್ತಡವೆಂದರೇನೆಂದು ಗೊತ್ತಿಲ್ಲ, ಅದು ಅಳೆಯುವುದು ಓಮ್‌ಗಳನ್ನು, ಅಂದರೆ ರೋಧದ ಪ್ರಮಾಣವನ್ನು. ಎಷ್ಟು ಓಮ್ ಎಂದರೆ ಸೊನ್ನೆ, ಎಷ್ಟು ಎಂದರೆ ಪೂರ್ತಿ ಎಂಬುದನ್ನು ಎಲ್ಲರೂ ಕೂತು ತೀರ್ಮಾನಿಸಲಿಲ್ಲ. ಒಬ್ಬೊಬ್ಬರದು ಒಂದೊಂದು ಲೆಕ್ಕವಾಯಿತು. ಇಂದಿನ ಗೊಂದಲದ ಬೇರು ಇರುವುದು ಇಲ್ಲಿಯೇ.

ಜನರಲ್ ಮೋಟರ್ಸ್‌ನ ಹಳೆಯ ಮೀಟರುಗಳಲ್ಲಿ ಸೊನ್ನೆ ಒತ್ತಡಕ್ಕೆ ಹೆಚ್ಚುಕಡಿಮೆ 0 ಓಮ್, ಏರಿದಾಗ 90. ಸ್ಟೀವರ್ಟ್ ವಾರ್ನರ್ ಬಗೆಯ, ಬಿಡಿಯಾಗಿ ಸಿಗುವ ಅಮೆರಿಕದ ಮೀಟರುಗಳಲ್ಲಿ ಇದು ತಲೆಕೆಳಗು: ಸೊನ್ನೆಗೆ 240, ಪೂರ್ತಿಗೆ 33. ಜರ್ಮನಿಯ ವಿಡಿಒ ಸೆಂಡರ್ ಸೊನ್ನೆಗೆ 10 ಓಮ್, ಪೂರ್ತಿಗೆ ಸುಮಾರು 180 ಕೊಡುತ್ತದೆ. ಈಗ ಮೊದಲಿನ ಕಾರಿಗೆ ಮರಳಿ ಬನ್ನಿ. ಅದರ ಮೀಟರ್ 240–33ರದು, ಸೆಂಡರ್ 10–180ರದು. ನಿಂತ ಎಂಜಿನ್‌ನಲ್ಲಿ ಸೆಂಡರ್ 10 ಓಮ್ ತೋರಿಸುತ್ತದೆ, ಮೀಟರಿನ ಲೆಕ್ಕದಲ್ಲಿ ಅದು ಪೂರ್ತಿಗಿಂತಲೂ ಆಚೆ. ಒತ್ತಡ ಏರಿ 180 ಆದಾಗ ಮುಳ್ಳು ಸೊನ್ನೆಯ ಕಡೆಗೆ ಜಾರುತ್ತದೆ.

ಮುಳ್ಳು ಹಿಂದುಮುಂದಾಗಿ ಓಡಿದರೆ ತಪ್ಪು ಕಣ್ಣಿಗೆ ಬೀಳುತ್ತದೆ, ಅದು ನಮ್ಮ ಪುಣ್ಯ. ಸರಿಯಾದ ದಿಕ್ಕಿನಲ್ಲಿ ಏರಿಳಿಯುತ್ತಲೇ ಸುಳ್ಳು ಹೇಳುವ ಜೋಡಿಯೇ ನನಗೆ ಹೆಚ್ಚು ಆತಂಕ ತರುವುದು. ವಿಡಿಒ ಸೆಂಡರ್ 5 ಬಾರ್‌ನದೂ ಉಂಟು, 10 ಬಾರ್‌ನದೂ ಉಂಟು (ಬಾರ್ ಎಂದರೆ ಒತ್ತಡದ ಅಳತೆ). ಓಮ್‌ಗಳು ಎರಡರಲ್ಲೂ ಅವೇ. 5 ಬಾರ್ ಸೆಂಡರನ್ನು 10 ಬಾರ್ ಮೀಟರಿಗೆ ಕಟ್ಟಿದರೆ 2 ಬಾರ್ ಇದ್ದಾಗ ಮುಳ್ಳು ಸುಮಾರು 4ರಲ್ಲಿ ನಿಂತು ನಿಶ್ಚಿಂತೆಯಿಂದ ಇರಿ ಎನ್ನುತ್ತದೆ. ಬೇರಿಂಗ್‌ಗಳು ಸವೆಯುವುದು ಇಂಥ ನಿಶ್ಚಿಂತೆಯಲ್ಲಿ.

1980ರ ದಶಕದ ಕೊನೆಯ ಹೊತ್ತಿಗೆ ಇನ್ನೊಂದು ವಿಚಿತ್ರ ಸೇರಿಕೊಂಡಿತು. ಫೋರ್ಡ್‌ನ ಹಲವು ಕಾರುಗಳಲ್ಲಿ ಸೆಂಡರಿನ ಜಾಗಕ್ಕೆ ಬರಿಯ ಸ್ವಿಚ್ ಬಂತು. ಒತ್ತಡ ಸುಮಾರು 6 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ದಾಟಿದರೆ ಅದು ಕೂಡುತ್ತದೆ, ಮೀಟರಿನ ಹಿಂದೆ ಕೂರಿಸಿದ ಸುಮಾರು 20 ಓಮ್‌ನ ರೆಸಿಸ್ಟರ್ ಮುಳ್ಳನ್ನು ನಡುವೆ ನಿಲ್ಲಿಸುತ್ತದೆ. ಮಾಜ್ದಾ ಮಿಯಾಟಾದಲ್ಲಿಯೂ ಮೊದಲ ವರ್ಷಗಳ ನಿಜವಾದ ಮೀಟರ್ ಹೋಗಿ, 1995ರ ಸುಮಾರಿಗೆ ಇಂಥದ್ದೇ ಬಂತು. ಮೀಟರಿನ ಮುಖ ತೊಟ್ಟ ಎಚ್ಚರಿಕೆ ದೀಪವದು; ಚಾಲಕನಿಗೆ ಮಾಡಿದ ಅನ್ಯಾಯವೆಂದೇ ನನ್ನ ಎಣಿಕೆ. ಇಂಥ ಫೋರ್ಡ್ ಮೀಟರನ್ನು ಉಳಿಸಿಕೊಂಡು ನಿಜವಾದ ಓದು ಬೇಕೆಂದರೆ ಸೆಂಡರ್ ಹಾಕಿದರೆ ಸಾಲದು, ಆ ರೆಸಿಸ್ಟರನ್ನೂ ಬದಿಗಿಟ್ಟು ತಂತಿ ಜೋಡಿಸಬೇಕು.

ಆಮೇಲೆ ಬಂದದ್ದು ಮೂರು ತಂತಿಯ ಸೆನ್ಸರ್. ಜನರಲ್ ಮೋಟರ್ಸ್‌ನ 1997ರ ಕಾರ್ವೆಟ್‌ನೊಂದಿಗೆ ಬಂದ ಎಲ್‌ಎಸ್1 ಮತ್ತು ಅದರ ವಂಶದ ಎಂಜಿನ್‌ಗಳು ಹಳೆಯ ಕಾರುಗಳಿಗೆ ಬಹಳವಾಗಿ ಹೋಗುತ್ತವೆ. ಅವುಗಳ ಸೆನ್ಸರಿಗೆ ಎಂಜಿನ್ ಕಂಪ್ಯೂಟರ್ 5 ವೋಲ್ಟ್ ಕೊಡುತ್ತದೆ, ಸೆನ್ಸರ್ ತಿರುಗಿ ವೋಲ್ಟೇಜಿನಲ್ಲೇ ಉತ್ತರ ಹೇಳುತ್ತದೆ. ಓಮ್ ಓದುವ ಹಳೆಯ ಮೀಟರನ್ನು ಆ ಸಿಗ್ನಲ್ ತಂತಿಗೆ ಕಟ್ಟಿದರೆ ಮೀಟರೂ ಓದುವುದಿಲ್ಲ, ಕಂಪ್ಯೂಟರಿಗೂ ತಪ್ಪು ಸುದ್ದಿ. ಕಂಪ್ಯೂಟರಿನ ಸೆನ್ಸರನ್ನು ಅದರ ಪಾಡಿಗೆ ಬಿಟ್ಟು, ಮೀಟರಿಗೆ ಅದರದೇ ಸೆಂಡರನ್ನು ಬೇರೆ ಜಾಗದಲ್ಲಿ ಹಾಕುವುದೇ ದಾರಿ. ಎಲ್‌ಎಸ್‌ನಲ್ಲಿ ಹಲವರು ಆಯಿಲ್ ಫಿಲ್ಟರಿನ ಮೇಲಿನ ಸಣ್ಣ ಮುಚ್ಚಳಕ್ಕೆ ರಂಧ್ರ ಕೊರೆದು ಥ್ರೆಡ್ ಹಾಕುತ್ತಾರೆ.

ಥ್ರೆಡ್ ವಿಷಯದಲ್ಲಿ ಆತುರ ಬೇಡ. ಕಾಲಂಗುಲದ ಅರ್ಧ, ಅಂದರೆ 1/8 ಅಳತೆಯ ಎನ್‌ಪಿಟಿ ಎಂಬ ಅಮೆರಿಕದ ಪೈಪ್ ಥ್ರೆಡ್‌ನಲ್ಲಿ ಅಂಗುಲಕ್ಕೆ 27 ಸುತ್ತು, ಜಪಾನಿನ ಎಂಜಿನ್‌ಗಳಲ್ಲಿ ಕಾಣುವ ಬಿಎಸ್‌ಪಿಟಿ ಎಂಬ ಬ್ರಿಟಿಷ್ ಮಾದರಿಯ ಥ್ರೆಡ್‌ನಲ್ಲಿ 28. ಒಂದನ್ನು ಇನ್ನೊಂದಕ್ಕೆ ತಿರುಗಿಸಿದರೆ ಮೊದಲೆರಡು ಸುತ್ತು ಬೆರಳಲ್ಲೇ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ, ಸ್ಪ್ಯಾನರಿನಿಂದ ಒತ್ತಾಯಿಸಿದರೆ ಬ್ಲಾಕೇ ಸೀಳಬಹುದು. ಅಡಾಪ್ಟರ್ ಇರುವುದು ಇದಕ್ಕಾಗಿಯೇ. ಆದರೆ ಡಬ್ಬಿಯಂಥ ಭಾರದ ಸೆಂಡರನ್ನು ಉದ್ದನೆಯ ಹಿತ್ತಾಳೆ ಅಡಾಪ್ಟರಿನ ತುದಿಗೆ ನೇತುಹಾಕಬೇಡಿ, ಎಂಜಿನ್ ಕಂಪನಕ್ಕೆ ಅದು ಕತ್ತಿನಲ್ಲೇ ಮುರಿಯುತ್ತದೆ. ಹೋಸ್ ಹಾಕಿ ಸೆಂಡರನ್ನು ದೂರ ಕೂರಿಸಿದರೆ ಒಳ್ಳೆಯದು. ಹಾಗೆ ಮಾಡಿದಾಗ ಒಂಟಿ ತಂತಿಯ ಸೆಂಡರಿಗೆ ಥ್ರೆಡ್ ಮೂಲಕ ಸಿಗುತ್ತಿದ್ದ ಅರ್ಥಿಂಗ್ ತಪ್ಪುತ್ತದೆ, ಅದರ ಮೈಗೆ ಬೇರೆ ತಂತಿ ಎಳೆಯಬೇಕು.

ಸೆಂಡರ್ ಯಾವುದೆಂದು ತಿಳಿಯದಿದ್ದರೆ ಎಂಜಿನ್ ನಿಲ್ಲಿಸಿ, ತಂತಿ ಕಳಚಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಟರ್ಮಿನಲ್ಲಿಗೂ ಇನ್ನೊಂದನ್ನು ಸೆಂಡರಿನ ಮೈಗೂ ಹಿಡಿಯಿರಿ. 0ರ ಆಸುಪಾಸು, 10, 240, ಈ ಮೂರರಲ್ಲಿ ಒಂದು ಕಂಡರೆ ಅದರ ಕುಲ ಗೊತ್ತಾದಂತೆ. ಜೋಡಿ ಕೂಡಿಸಿದ ಮೇಲೆ ಅದೇ ಪೋರ್ಟಿಗೆ ಟಿ ಆಕಾರದ ಫಿಟ್ಟಿಂಗ್ ಹಾಕಿ, ಬೂರ್ಡೋನ್ ಕೊಳವೆಯ ಮೆಕ್ಯಾನಿಕಲ್ ಮೀಟರೊಂದನ್ನು ತಾತ್ಕಾಲಿಕವಾಗಿ ಕಟ್ಟಿ. ಎಂಜಿನ್ ಚೆನ್ನಾಗಿ ಕಾದ ಮೇಲೆ ಐಡಲ್‌ನಲ್ಲಿ ಒಮ್ಮೆ, 2000 ಆರ್‌ಪಿಎಂನಲ್ಲಿ ಒಮ್ಮೆ ಎರಡೂ ಮುಳ್ಳುಗಳನ್ನು ಓದಿ ಬರೆದುಕೊಳ್ಳಿ. ಅವು ತಾಳೆಯಾದ ಮೇಲೆಯೇ ಡ್ಯಾಶ್‌ಬೋರ್ಡ್ ಮುಚ್ಚಿ.