ಎಕ್ಸಾಸ್ಟ್ ವಾಲ್ವ್‌ನ ಟ್ಯಾಪೆಟ್ ಅಂತರ: ಎಂಜಿನ್ ಮೌನವಾದಾಗ ಏಕೆ ಎಚ್ಚರಗೊಳ್ಳಬೇಕು

ಪುಣೆಯ ಭೋಸರಿ, ಚಾಕಣ, ಪಿಂಪ್ರಿ ಕಡೆಯ ಕಾರ್ಖಾನೆಗಳಲ್ಲಿ ವಾರವೆಲ್ಲ ದುಡಿದು, ಭಾನುವಾರ ಗ್ಯಾರೇಜಿನಲ್ಲಿ ಬೈಕ್ ಕೆಲಸ ಕಲಿಯುತ್ತಿರುವ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ಗೆಳೆಯರಿಗಾಗಿ ಈ ಟಿಪ್ಪಣಿಯನ್ನು ಬರೆದಿದ್ದೇನೆ. ಪಠ್ಯಪುಸ್ತಕದಲ್ಲಿ ನಿಷ್ಕಾಸ ಕವಾಟ ಎಂದಿರುವುದನ್ನೇ ನಾವು ಗ್ಯಾರೇಜಿನಲ್ಲಿ ಎಕ್ಸಾಸ್ಟ್ ವಾಲ್ವ್ ಎನ್ನುತ್ತೇವೆ. ಇಲ್ಲಿಯೂ ಅದೇ ಹೆಸರನ್ನು ಬಳಸುತ್ತೇನೆ. ಕೆಲವು ದೊಡ್ಡ ಬೈಕ್‌ಗಳ ಸೈಲೆನ್ಸರ್ ಪೈಪಿನೊಳಗೆ ಮೋಟಾರಿನಿಂದ ತಿರುಗುವ ಇನ್ನೊಂದು ವಾಲ್ವ್ ಇರುತ್ತದೆ. 1980ರ ದಶಕದಲ್ಲಿ ಯಮಹಾ ತಂದ ಎಕ್ಸಪ್ ಅಂಥದ್ದು. ಅದರ ಕೆಲಸವೇ ಬೇರೆ. ನಾನು ಹೇಳುತ್ತಿರುವುದು ಸಿಲಿಂಡರ್ ಹೆಡ್‌ನೊಳಗೆ ಕುಳಿತು, ಉರಿದ ಹೊಗೆಯನ್ನು ಹೊರಬಿಡುವ ವಾಲ್ವ್ ಮತ್ತು ಅದರ ಕಾಂಡದ ತುದಿಗೂ ಅದನ್ನು ಒತ್ತಿ ತೆರೆಸುವ ರಾಕರ್ ಆರ್ಮ್ ಎಂಬ ಸನ್ನೆಗೂ ನಡುವಿನ ಕೂದಲೆಳೆಯಷ್ಟು ಅಂತರದ ಬಗ್ಗೆ. ಇದನ್ನೇ ಟ್ಯಾಪೆಟ್ ಅಂತರ ಎನ್ನುತ್ತೇವೆ.

ನನ್ನ 150 ಸಿಸಿ ಬೈಕ್ ಕಲಿಸಿದ ಪಾಠದಿಂದಲೇ ಆರಂಭಿಸುತ್ತೇನೆ. ಕಳೆದ ವರ್ಷ ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದಾಗ, ಟ್ಯಾಪೆಟ್ ಸದ್ದು ಬರುತ್ತಿದೆ ಎಂದು ನಾನೇ ದೂರಿದ್ದೆ. ಅವರು ಎಂಜಿನ್ ಬಿಸಿಯಿರುವಾಗಲೇ ಈ ಅಂತರವನ್ನು ಹೊಂದಿಸುವ ಸ್ಕ್ರೂ ಬಿಗಿದು ಕೊಟ್ಟರು. ಸದ್ದು ಪೂರ್ತಿ ನಿಂತಿತು. ಹೊಲಿಗೆ ಯಂತ್ರದ ಹಾಗೆ ಓಡುತ್ತಿದೆ ಎಂದು ನಾನು ಸಂತೋಷಪಟ್ಟೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಬೆಳಗ್ಗೆ ಸ್ಟಾರ್ಟ್ ಆಗಲು ಹತ್ತಾರು ಕಿಕ್ ಬೇಕಾಯಿತು, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸಿಡಿತ ಕೇಳಿಸತೊಡಗಿತು, ಲೀಟರಿಗೆ 52 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 44ಕ್ಕೆ ಇಳಿಯಿತು, ಕಾತ್ರಜ್ ಘಾಟ್ ಏರುವಾಗ ನಾಲ್ಕನೆಯ ಗೇರಿನಲ್ಲಿ ಎಳೆಯುತ್ತಿದ್ದದ್ದು ಮೂರಕ್ಕೆ ಬಂದಿತು. ಕೊನೆಗೆ ನಾನು ಈಗ ಕೆಲಸ ಕಲಿಯುತ್ತಿರುವ ಗ್ಯಾರೇಜಿನ ಮೇಸ್ತ್ರಿ ಕಾಕಾ ರಾತ್ರಿಯಿಡೀ ತಣಿದ ಎಂಜಿನ್‌ನ ಮುಚ್ಚಳ ತೆಗೆದು ನೋಡಿದಾಗ, ಎಕ್ಸಾಸ್ಟ್ ಕಡೆ 0.03 ಮಿಲಿಮೀಟರ್ ದಪ್ಪದ ಫೀಲರ್ ಗೇಜ್ (ಅಂತರ ಅಳೆಯುವ ತೆಳು ಲೋಹದ ಪಟ್ಟಿ) ಕೂಡ ಒಳಗೆ ಹೋಗಲಿಲ್ಲ. ಆ ಎಂಜಿನ್‌ಗೆ ಇರಬೇಕಾಗಿದ್ದದ್ದು 0.10. ವಿಜಯಪುರ ಕಡೆಯವರಾದ ಕಾಕಾ ಆಗ ಹೇಳಿದ ಮಾತನ್ನು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ: "ಟ್ಯಾಪೆಟ್ ಮಾತಾಡ್ಬೇಕೋ ತಮ್ಮಾ, ಒದರಬಾರದು ಅಷ್ಟ."

ಈ ಮಾತಿನ ಹಿಂದಿರುವ ಕಾರಣವನ್ನು ತಿಳಿದುಕೊಂಡರೆ ಮಿಕ್ಕ ವಿಷಯಗಳು ಸುಲಭವಾಗುತ್ತವೆ. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಚಲನೆಯಿಂದ ತಿರುಗುವ ಮುಖ್ಯ ದಂಡ, ಎರಡು ಸುತ್ತು ತಿರುಗಿದಾಗ ಎಕ್ಸಾಸ್ಟ್ ವಾಲ್ವ್ ಒಮ್ಮೆ ತೆರೆಯುತ್ತದೆ. ಪಿಸ್ಟನ್ ಕೆಳತುದಿ ತಲುಪುವುದಕ್ಕೆ ಸುಮಾರು 40 ಡಿಗ್ರಿ ಮೊದಲೇ ತೆರೆದು, ಮೇಲ್ತುದಿ ದಾಟಿ ಸುಮಾರು 20 ಡಿಗ್ರಿಯಾದ ಮೇಲೆ ಮುಚ್ಚುತ್ತದೆ ಎಂದು ಇಟ್ಟುಕೊಂಡರೆ, 720 ಡಿಗ್ರಿಗಳಲ್ಲಿ 240 ಡಿಗ್ರಿ ತೆರೆದಿರುತ್ತದೆ, 480 ಡಿಗ್ರಿ ಮುಚ್ಚಿರುತ್ತದೆ. ಎಂಜಿನ್ ನಿಮಿಷಕ್ಕೆ 6000 ಸುತ್ತು ಓಡುವಾಗ ಈ ಇಡೀ ಚಕ್ರ ಮುಗಿಯುವುದು ಸೆಕೆಂಡಿನ ಐವತ್ತನೆಯ ಒಂದು ಭಾಗದಲ್ಲಿ, ಅಂದರೆ 20 ಮಿಲಿಸೆಕೆಂಡಿನಲ್ಲಿ. ಅದರಲ್ಲಿ ವಾಲ್ವ್ ತನ್ನ ಸೀಟಿನ ಮೇಲೆ, ಅಂದರೆ ಹೆಡ್‌ನಲ್ಲಿ ಅದು ಮುಚ್ಚಿ ಕೂರುವ ಉಂಗುರದ ಮೇಲೆ, ಕೂರುವುದು ಸುಮಾರು 13 ಮಿಲಿಸೆಕೆಂಡು ಮಾತ್ರ.

ಆ 13 ಮಿಲಿಸೆಕೆಂಡೇ ವಾಲ್ವ್‌ಗೆ ಸಿಗುವ ಬಿಡುವು. ಇನ್‌ಲೆಟ್ ವಾಲ್ವ್‌ನ ಮೇಲೆ ಪ್ರತಿ ಸಲವೂ ತಣ್ಣನೆಯ ಗಾಳಿ ಮತ್ತು ಪೆಟ್ರೋಲ್ ಹರಿಯುತ್ತವೆ, ಆದ್ದರಿಂದ ಅದು ತಾನಾಗಿಯೇ ತಣಿಯುತ್ತದೆ. ಎಕ್ಸಾಸ್ಟ್ ವಾಲ್ವ್‌ಗೆ ಆ ಭಾಗ್ಯವಿಲ್ಲ. ತೆರೆದಾಗಲೆಲ್ಲ ಅದರ ಸುತ್ತ ಹರಿಯುವುದು ಉರಿದ ಹೊಗೆಯೇ. ಭಾರ ಹೊತ್ತು ಓಡುವಾಗ ಅದರ ತಲೆಯ ಉಷ್ಣತೆ 700 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಶಾಖದ ಬಹುಪಾಲು, ಸುಮಾರು ಮುಕ್ಕಾಲು ಭಾಗ, ವಾಲ್ವ್ ಮುಚ್ಚಿದಾಗ ಸೀಟಿನ ಮೂಲಕ ಹೆಡ್‌ಗೆ ಹರಿಯುತ್ತದೆ. ಉಳಿದದ್ದು ಕಾಂಡದ ಮೂಲಕ ವಾಲ್ವ್ ಗೈಡ್‌ಗೆ ಹೋಗುತ್ತದೆ. ಸೀಟಿನ ಮೇಲೆ ವಾಲ್ವ್ ಪೂರ್ತಿ ಕೂರದಿದ್ದರೆ ಶಾಖಕ್ಕೆ ಹೊರಹೋಗುವ ದಾರಿಯೇ ಕಡಿದುಹೋಗುತ್ತದೆ, ಜೊತೆಗೆ ಉಳಿದ ಸಣ್ಣ ಸಂದಿನಿಂದ ಉರಿಯುವ ಅನಿಲ ಒತ್ತಡದಲ್ಲಿ ನುಗ್ಗಿ ಅಂಚನ್ನು ಕೊರೆಯುತ್ತದೆ. ವಾಲ್ವ್ ಸುಟ್ಟಿದೆ ಎಂದು ಮೆಕ್ಯಾನಿಕ್‌ಗಳು ಹೇಳುವುದು ಇದನ್ನೇ. ಹಾಗೆ ಸುಟ್ಟ ವಾಲ್ವ್ ಒಂದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ: ದುಂಡನೆಯ ಅಂಚಿನಲ್ಲಿ ಒಂದೇ ಕಡೆ, ಇಲಿ ಕಡಿದ ರೊಟ್ಟಿಯಂತೆ, ಒಂದು ಚೂರು ಕಾಣೆಯಾಗಿತ್ತು, ಉಳಿದೆಲ್ಲ ಭಾಗ ಸರಿಯಾಗಿಯೇ ಇತ್ತು.

ವಾಲ್ವ್ ಪೂರ್ತಿ ಕೂರಬೇಕಾದರೆ ರಾಕರ್ ಆರ್ಮ್ ಮತ್ತು ವಾಲ್ವ್ ಕಾಂಡದ ತುದಿಯ ನಡುವೆ ಸ್ವಲ್ಪ ಜಾಗ ಬೇಕು. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುತ್ತದೆ. 70 ಮಿಲಿಮೀಟರ್ ಉದ್ದದ ಕಾಂಡ 100 ಡಿಗ್ರಿ ಬಿಸಿಯಾದರೆ 70 × 0.000012 × 100, ಅಂದರೆ 0.084 ಮಿಲಿಮೀಟರ್ ಬೆಳೆಯುತ್ತದೆ. ಎಕ್ಸಾಸ್ಟ್ ವಾಲ್ವ್‌ಗೆ ಬಳಸುವ ಕೆಲವು ಮಿಶ್ರಲೋಹಗಳು ಇದಕ್ಕಿಂತಲೂ ಹೆಚ್ಚು ಹಿಗ್ಗುತ್ತವೆ. ಅದೇ ಹೊತ್ತಿಗೆ ಅಲ್ಯೂಮಿನಿಯಂ ಹೆಡ್ ಕೂಡ ಬಿಸಿಯಾಗಿ, ಉಕ್ಕಿನ ಸುಮಾರು ಎರಡು ಪಟ್ಟು ದರದಲ್ಲಿ ಹಿಗ್ಗಿ, ರಾಕರನ್ನು ಮೇಲಕ್ಕೆ ಒಯ್ಯುತ್ತದೆ. ಹೀಗಾಗಿ ನಿಜವಾಗಿ ಲೆಕ್ಕಕ್ಕೆ ಬರುವುದು ಇವೆರಡರ ವ್ಯತ್ಯಾಸ. ಆ ವ್ಯತ್ಯಾಸವನ್ನು ತಯಾರಕರು ಅಳೆದು, ತಣ್ಣಗಿರುವಾಗ ಎಷ್ಟು ಅಂತರ ಬಿಡಬೇಕೆಂದು ಕೈಪಿಡಿಯಲ್ಲಿ ನಮೂದಿಸಿರುತ್ತಾರೆ. ನಮ್ಮ ರಸ್ತೆಗಳಲ್ಲಿ ಓಡುವ 100 ರಿಂದ 150 ಸಿಸಿ ಬೈಕ್‌ಗಳಲ್ಲಿ ಎಕ್ಸಾಸ್ಟ್ ಅಂತರ ಸಾಮಾನ್ಯವಾಗಿ 0.08 ರಿಂದ 0.12 ಮಿಲಿಮೀಟರಿನ ಆಸುಪಾಸಿನಲ್ಲಿದ್ದು, ಹಲವು ಎಂಜಿನ್‌ಗಳಲ್ಲಿ ಇನ್‌ಲೆಟ್‌ಗಿಂತ ಹೆಚ್ಚಾಗಿರುತ್ತದೆ. ಆದರೆ ಆಯಾ ಗಾಡಿಯ ಕೈಪಿಡಿಯಲ್ಲಿ ಇರುವುದೇ ಕೊನೆಯ ಮಾತು. ಎರಕದ ಕಬ್ಬಿಣದ ಸಿಲಿಂಡರಿನ ಹಳೆಯ ಬುಲೆಟ್‌ನಲ್ಲಂತೂ ತಣ್ಣಗಿರುವಾಗ ಅಂತರವನ್ನೇ ಬಿಡುವುದಿಲ್ಲ. ಪುಶ್‌ರಾಡ್ (ರಾಕರನ್ನು ಕೆಳಗಿನಿಂದ ತಳ್ಳುವ ಕಡ್ಡಿ) ಮೇಲೆ ಕೆಳಗೆ ಆಡದೆ, ಬೆರಳಿನಿಂದ ಸಲೀಸಾಗಿ ತಿರುಗಿದರೆ ಸಾಕು. ಒಂದು ಗಾಡಿಯ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅಂತರ ಹೆಚ್ಚಾದರೂ ತೊಂದರೆಯೇ. ಕ್ಯಾಮ್ ಲೋಬಿನ (ತಿರುಗುವ ಕ್ಯಾಮ್ ದಂಡದ ಉಬ್ಬಿನ) ಆರಂಭದಲ್ಲಿ ರಾಕರನ್ನು ಮೆಲ್ಲಗೆ ಎತ್ತಲು ಸಣ್ಣ ಇಳಿಜಾರೊಂದನ್ನು ಮಾಡಿರುತ್ತಾರೆ. ಅಂತರ ಜಾಸ್ತಿಯಿದ್ದರೆ ಆ ಇಳಿಜಾರು ವ್ಯರ್ಥವಾಗಿ, ರಾಕರ್ ನೇರವಾಗಿ ವಾಲ್ವ್ ತುದಿಯನ್ನು ಸುತ್ತಿಗೆಯಂತೆ ಬಡಿಯುತ್ತದೆ. ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಏಳುವ ಎತ್ತರವೂ ಕಡಿಮೆಯಾಗುತ್ತದೆ. ಹೊಗೆ ಪೂರ್ತಿ ಹೊರಹೋಗದೆ ಮೇಲಿನ ವೇಗದಲ್ಲಿ ಶಕ್ತಿ ಕುಂದುತ್ತದೆ. ಆದರೂ ಈ ತೊಂದರೆ ಸದ್ದು ಮಾಡಿ ಎಚ್ಚರಿಸುತ್ತದೆ. ಬಿಗಿಯಾದ ಟ್ಯಾಪೆಟ್ ಎಚ್ಚರಿಸುವುದಿಲ್ಲ. ವಾಲ್ವ್ ಅಂಚು ಮತ್ತು ಸೀಟು ಸವೆದಂತೆ ವಾಲ್ವ್ ಮೇಲಕ್ಕೆ ಸರಿದು ಅಂತರವನ್ನು ತಾನೇ ನುಂಗುತ್ತದೆ ಎಂಬುದು ಇನ್ನೂ ಮುಖ್ಯವಾದ ವಿಷಯ. ಯಾರೂ ಮುಟ್ಟದ ಗಾಡಿಯೂ ಕಾಲಕ್ರಮೇಣ ಮೌನವಾಗುವುದು ಇದರಿಂದಲೇ. ಹಾಗಾಗಿ ಸದ್ದು ಮಾಡುವ ಗಾಡಿಗಿಂತ, ಸದ್ದು ಮಾಡುತ್ತಿದ್ದು ಈಗ ಸುಮ್ಮನಾಗಿರುವ ಗಾಡಿಯನ್ನು ಮೊದಲು ಬಿಚ್ಚಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂತರ ಹಾಕುವ ಕ್ರಮ

ಎಂಜಿನ್ ಪೂರ್ತಿ ತಣಿದಿರಬೇಕು. ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಗ್ಗೆ ಮುಟ್ಟುವುದೇ ಉತ್ತಮ. ಸ್ಪಾರ್ಕ್ ಪ್ಲಗ್ ತೆಗೆದರೆ ಕ್ರ್ಯಾಂಕ್ ಹಗುರವಾಗಿ ತಿರುಗುತ್ತದೆ. ಟ್ಯಾಪೆಟ್ ಮುಚ್ಚಳಗಳನ್ನೂ ಮ್ಯಾಗ್ನೆಟ್ ಕವರಿನ ಸಣ್ಣ ಮುಚ್ಚಳಗಳನ್ನೂ ತೆಗೆದು, ಎಂಜಿನ್ ಓಡುವ ದಿಕ್ಕಿನಲ್ಲಿಯೇ ಕ್ರ್ಯಾಂಕ್ ತಿರುಗಿಸಿ, ಪಿಸ್ಟನ್ ಮೇಲ್ತುದಿಗೆ ಬಂದದ್ದನ್ನು ತೋರಿಸುವ ಟಿ ಗುರುತನ್ನು ಕವರಿನ ಗೀಟಿಗೆ ಸರಿಯಾಗಿ ತರಬೇಕು. ಪಕ್ಕದಲ್ಲೇ ಇರುವ ಎಫ್ ಗುರುತು ಇಗ್ನಿಷನ್‌ಗೆ ಸಂಬಂಧಿಸಿದ್ದು. ಹೊಸದಾಗಿ ಕಲಿಯುವವರು ಇದನ್ನೇ ಟಿ ಎಂದು ತಿಳಿದು ತಪ್ಪುವುದುಂಟು. ಹಿಮ್ಮುಖವಾಗಿ ತಿರುಗಿಸಬಾರದು, ಏಕೆಂದರೆ ಡಿಕಂಪ್ರೆಷನ್ ವ್ಯವಸ್ಥೆಯಿರುವ (ಸ್ಟಾರ್ಟ್ ಸುಲಭವಾಗಲೆಂದು ಎಕ್ಸಾಸ್ಟ್ ವಾಲ್ವನ್ನು ತುಸು ಎತ್ತುವ) ಕೆಲವು ಎಂಜಿನ್‌ಗಳಲ್ಲಿ ಹಾಗೆ ಮಾಡಿದಾಗ ಎಕ್ಸಾಸ್ಟ್ ರಾಕರ್ ಎತ್ತಿಕೊಂಡು, ಅಂತರವೇ ಇಲ್ಲದಂತೆ ತೋರುತ್ತದೆ.

ಟಿ ಗುರುತು ಎರಡು ಸಂದರ್ಭಗಳಲ್ಲಿ ಎದುರಿಗೆ ಬರುತ್ತದೆ: ಕಂಪ್ರೆಷನ್ ಮುಗಿದಾಗ ಒಮ್ಮೆ, ಹೊಗೆ ಹೊರಹೋಗಿ ಮುಗಿದಾಗ ಇನ್ನೊಮ್ಮೆ. ನಮಗೆ ಬೇಕಾದದ್ದು ಮೊದಲನೆಯದು. ಎರಡೂ ರಾಕರ್‌ಗಳನ್ನು ಬೆರಳಿನಿಂದ ಅಲುಗಿಸಿ ನೋಡಬೇಕು; ಎರಡರಲ್ಲೂ ಸಣ್ಣ ಆಟ ಇದ್ದರೆ ಅದೇ ಸರಿಯಾದ ಸ್ಥಾನ. ಎರಡೂ ಬಿಗಿಯಾಗಿದ್ದರೆ ವಾಲ್ವ್‌ಗಳು ಇನ್ನೂ ಅರೆ ತೆರೆದಿವೆ ಎಂದರ್ಥ, ಆಗ ಇನ್ನೊಂದು ಪೂರ್ಣ ಸುತ್ತು ತಿರುಗಿಸಬೇಕು. ಇದನ್ನು ನೋಡದೆ ಅಂತರ ಹಾಕಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಫೀಲರ್ ಗೇಜ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ನಾನಾ ಪೇಠೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಸಣ್ಣ ಬೆಲೆಗೆ ಸಿಗುವ ಈ ಉಪಕರಣವನ್ನು ಕೊಳ್ಳದೆ ಬ್ಲೇಡ್ ತುಂಡು ತೂರಿಸುವವರನ್ನು ನೋಡಿ ಬೇಸರವಾಗುತ್ತದೆ. ಲಾಕ್ ನಟ್ ಸಡಿಲಿಸಿ, ಕೈಪಿಡಿಯ ಅಂಕಿಯ (ನನ್ನ ಗಾಡಿಗೆ 0.10) ಪಟ್ಟಿಯನ್ನು ಸ್ಕ್ರೂ ಮತ್ತು ವಾಲ್ವ್ ತುದಿಯ ನಡುವೆ ಇಟ್ಟು, ಸ್ಕ್ರೂವನ್ನು ಮೆಲ್ಲಗೆ ತಿರುಗಿಸುತ್ತ ಪಟ್ಟಿಯನ್ನು ಹಿಂದೆ ಮುಂದೆ ಎಳೆಯಬೇಕು. ದಪ್ಪ ಪುಸ್ತಕದ ಹಾಳೆಗಳ ನಡುವೆ ಸಿಕ್ಕ ನೋಟನ್ನು ಎಳೆಯುವಾಗ ಆಗುವಷ್ಟು ಹಿಡಿತ ಕೈಗೆ ತಿಳಿದರೆ ಅಂತರ ಸರಿಯಾಗಿದೆ. ಪಟ್ಟಿ ಬಾಗಿದರೆ ಬಿಗಿ; ಸರಕ್ಕನೆ ಬಂದರೆ ಸಡಿಲು. ಬಳಿಕ ಸ್ಕ್ರೂ ತಿರುಗದಂತೆ ಹಿಡಿದು ಲಾಕ್ ನಟ್ ಬಿಗಿದು, ಮತ್ತೆ ಅಳೆಯಬೇಕು; ನಟ್ ಬಿಗಿಯುವಾಗ ಅಂತರ ಬದಲಾಗುವುದು ಬಹಳ ಸಾಮಾನ್ಯ. ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ, ಅದೇ ಗುರುತಿಗೆ ತಂದು, ಮೂರನೆಯ ಸಲ ಅಳೆದ ಮೇಲೆಯೇ ಕಾಕಾ ಮುಚ್ಚಳ ಹಾಕಲು ಬಿಡುತ್ತಾರೆ. ಸ್ಕ್ರೂವಿನ ತುದಿಯಲ್ಲಿ ಗುಳಿ ಬಿದ್ದಿದ್ದರೆ ಚಪ್ಪಟೆ ಪಟ್ಟಿ ಆ ಗುಳಿಯ ಮೇಲೆ ಸೇತುವೆಯಂತೆ ನಿಂತು, ನಿಜವಾದ ಅಂತರಕ್ಕಿಂತ ಕಡಿಮೆ ತೋರಿಸುತ್ತದೆ. ಅಂಥ ಸ್ಕ್ರೂವನ್ನು ಬದಲಿಸಬೇಕು.

ಸ್ಕ್ರೂ ಇಲ್ಲದೆ ಶಿಮ್ (ಅಂತರ ಹೊಂದಿಸುವ, ನಿಗದಿತ ದಪ್ಪದ ಲೋಹದ ಬಿಲ್ಲೆ) ಇರುವ ಎಂಜಿನ್‌ಗಳಲ್ಲಿ ಲೆಕ್ಕ ಸುಲಭ, ಕೈಕೆಲಸ ಕಷ್ಟ. ಹಳೆಯ ಶಿಮ್‌ನ ದಪ್ಪಕ್ಕೆ ಅಳೆದ ಅಂತರವನ್ನು ಕೂಡಿಸಿ, ಬೇಕಾದ ಅಂತರವನ್ನು ಕಳೆದರೆ ಹೊಸ ಶಿಮ್‌ನ ದಪ್ಪ ಸಿಗುತ್ತದೆ. ಹಳೆಯದು 2.50, ಅಳೆದದ್ದು 0.10, ಬೇಕಾದದ್ದು 0.15 ಎಂದಾದರೆ 2.45ರ ಶಿಮ್ ಹಾಕಬೇಕು.

ಅಂತರ ಸರಿಪಡಿಸಿದರೂ ಗಾಡಿ ಚೇತರಿಸಿಕೊಳ್ಳದಿದ್ದರೆ

ಬಹುಕಾಲ ಬಿಗಿಯಾಗಿದ್ದ ವಾಲ್ವ್‌ನ ಅಂಚು ಆಗಲೇ ಕೆಟ್ಟಿರಬಹುದು. ಪ್ಲಗ್ ಜಾಗದಲ್ಲಿ ಕಂಪ್ರೆಷನ್ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಎಂಜಿನ್ ತಿರುಗಿಸಿ ಒತ್ತಡವನ್ನು ಓದಬೇಕು. ಅದು ಕೈಪಿಡಿಯ ಅಂಕಿಗಿಂತ ಕಡಿಮೆಯಿದ್ದರೆ, ಪ್ಲಗ್ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೊಮ್ಮೆ ಓದಬೇಕು. ಒತ್ತಡ ಏರಿದರೆ ಸೋರಿಕೆ ಪಿಸ್ಟನ್ ರಿಂಗ್‌ಗಳದ್ದು. ಏರದಿದ್ದರೆ ಬಹುಮಟ್ಟಿಗೆ ವಾಲ್ವ್‌ನದ್ದು. ನನ್ನ ಗಾಡಿಯಲ್ಲಿ ಒತ್ತಡ ಏರಲಿಲ್ಲ. ಹೆಡ್ ಬಿಚ್ಚಿ, ಎಕ್ಸಾಸ್ಟ್ ಪೋರ್ಟಿನೊಳಗೆ ಸ್ವಲ್ಪ ಪೆಟ್ರೋಲ್ ಹಾಕಿದಾಗ, ವಾಲ್ವ್ ಅಂಚಿನ ಒಂದು ಮೂಲೆಯಿಂದ ಹನಿ ಜಿನುಗಿತು. ಪುಣ್ಯಕ್ಕೆ ಅಂಚು ಸುಟ್ಟಿರಲಿಲ್ಲ, ಬರೀ ಕಲೆಗಟ್ಟಿತ್ತು. ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಕಡಗೋಲು ಕಡೆದಂತೆ ಕೈಯಲ್ಲಿ ಆಚೀಚೆ ತಿರುಗಿಸಿ ಉಜ್ಜಿದೆ. ಸೀಟಿನ ಸುತ್ತ ಎಲ್ಲೂ ತುಂಡಾಗದ, ಒಂದೇ ಅಗಲದ ಮಾಸಲು ಬೂದು ಪಟ್ಟಿ ಮೂಡಿದ ಮೇಲೆ ನಿಲ್ಲಿಸಿ, ಪೇಸ್ಟಿನ ಒಂದು ಕಣವೂ ಉಳಿಯದಂತೆ ತೊಳೆದೆ. ಈ ತೊಳೆಯುವ ಕೆಲಸದಲ್ಲಿ ಅವಸರ ಮಾಡಿದರೆ ಉಳಿದ ಕಣಗಳೇ ಸಿಲಿಂಡರನ್ನು ಗೀರುತ್ತವೆ.

ಮೈಲೇಜ್ ಇಳಿದದ್ದರ ಕಾರಣವೂ ಇಲ್ಲಿಯೇ ಇದೆ. ಸೋರುವ ವಾಲ್ವ್‌ನಿಂದ ಕಂಪ್ರೆಷನ್ ಕುಂದಿ, ಅಷ್ಟೇ ಪೆಟ್ರೋಲಿನಿಂದ ಕಡಿಮೆ ಕೆಲಸವಾಗುತ್ತದೆ. ಸವಾರ ಅರಿವಿಲ್ಲದೆ ಆಕ್ಸಿಲರೇಟರನ್ನು ಇನ್ನಷ್ಟು ತಿರುಗಿಸುತ್ತಾನೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್ 6 ಹೊಗೆ ನಿಯಮದ ಗಾಡಿಗಳಲ್ಲಿ ಇನ್ನೊಂದು ತೊಡಕಿದೆ. ಉರಿಯದ ಗಾಳಿ ಎಕ್ಸಾಸ್ಟ್ ಪೈಪಿಗೆ ಸೋರಿದರೆ ಅಲ್ಲಿನ ಆಕ್ಸಿಜನ್ ಸೆನ್ಸರ್ ಅದನ್ನು ಪೆಟ್ರೋಲ್ ಕಡಿಮೆಯಾಗಿದೆ ಎಂದು ಓದಿಕೊಳ್ಳುತ್ತದೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಇನ್ನಷ್ಟು ಪೆಟ್ರೋಲ್ ಸಿಂಪಡಿಸುತ್ತದೆ. ಆಗ ಇಂಜೆಕ್ಟರ್ ತೊಳೆಸಿ ಪ್ರಯೋಜನವಿಲ್ಲ.

ಕೈಪಿಡಿಯ ಅಂಕಿಯನ್ನು ಮೀರಿ ಅಂತರ ಬದಲಿಸಿ ಹೆಚ್ಚಿನ ಶಕ್ತಿ ಪಡೆಯುವ ಪ್ರಯತ್ನವನ್ನು ನಾನು ಒಪ್ಪುವುದಿಲ್ಲ. ಟ್ಯೂನಿಂಗ್ ಎಂದರೆ ಇಲ್ಲಿ ಕಳೆದುಹೋದದ್ದನ್ನು ಮರಳಿ ಪಡೆಯುವುದು, ಅಷ್ಟೇ. ಫಲಿತಾಂಶವನ್ನು ಮಾತ್ರ ಕಿವಿಯಿಂದ ಅಳೆಯದೆ ಲೆಕ್ಕದಿಂದಲೇ ಅಳೆಯಬೇಕು: ಒಂದೇ ಬಂಕಿನಲ್ಲಿ ಟ್ಯಾಂಕಿನ ಒಂದೇ ಮಟ್ಟದವರೆಗೆ ತುಂಬಿಸಿ, ಕನಿಷ್ಠ 200 ಕಿಲೋಮೀಟರ್ ಓಡಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿದಾಗ ಹಿಡಿಸಿದ ಲೀಟರಿನಿಂದ ಭಾಗಿಸಬೇಕು. ನನ್ನ ಗಾಡಿ ಮೊದಲ ಟ್ಯಾಂಕಿನಲ್ಲಿ 49 ಕೊಟ್ಟಿತು, ಎರಡನೆಯದರಲ್ಲಿ 51. ವಾಲ್ವ್ ಉಜ್ಜಿದ ಮೇಲೆ 500 ಕಿಲೋಮೀಟರಿಗೆ ಅಂತರವನ್ನು ಮತ್ತೊಮ್ಮೆ ನೋಡಬೇಕೆಂದು ಕಾಕಾ ಹೇಳಿದ್ದರು, ನೋಡಿದಾಗ 0.10 ಪಟ್ಟಿ ಹೋಗಲಿಲ್ಲ, 0.08 ಹೋಯಿತು. ಹೊಸದಾಗಿ ಕೂತ ಅಂಚು ಆರಂಭದಲ್ಲಿ ಇಷ್ಟು ಸವೆಯುವುದು ಸಹಜ. ಮತ್ತೆ 0.10ಕ್ಕೆ ತಂದು ಮುಚ್ಚಳ ಹಾಕಿದೆವು, ಸ್ಟಾರ್ಟ್ ಮಾಡಿದಾಗ ಮೆಲ್ಲನೆಯ ಟಿಕ್‌ ಟಿಕ್ ಸದ್ದು ಕೇಳಿಸಿತು.