ಪುಟ್ಟ ಹೆಬ್ಬಾವಿಗೆ ಬೇಕಿರುವುದು ಬಿಸಿ

ಹಾವು ಸಾಕಬೇಕು ಅನ್ನುವವರು ಮೈಸೂರಿನಲ್ಲೂ ಇದ್ದಾರೆ. ಹೆಚ್ಚಿನವರಿಗೆ ಬೇಕಿರುವುದು ಬಾಲ್ ಪೈಥಾನ್. ಇದು ನಮ್ಮ ಹೆಬ್ಬಾವಿನ ಆಫ್ರಿಕಾದ ನೆಂಟ, ವಿಷ ಇಲ್ಲ, ಐದು ಅಡಿ ದಾಟುವುದು ಅಪರೂಪ. ಹೆದರಿದರೆ ತಲೆಯನ್ನು ಒಳಗಿಟ್ಟು ಮೈಯನ್ನು ಉಂಡೆ ಮಾಡಿಕೊಂಡು ಕೂತುಬಿಡುತ್ತದೆ. ಪಾಪದ ಪ್ರಾಣಿ ಅನ್ನುವುದು ನಿಜ. ಸಾಕುವುದು ಸುಲಭ ಅನ್ನುವುದು ಮಾತ್ರ ನಿಜ ಅಲ್ಲ.

ಕಷ್ಟ ಇರುವುದು ಬಿಸಿಯ ವಿಷಯದಲ್ಲಿ. ಹಾವಿನ ಮೈ ನಮ್ಮ ಮೈಯಂತೆ ತಾನೇ ಕಾವು ಹುಟ್ಟಿಸಿಕೊಳ್ಳುವುದಿಲ್ಲ, ಹೊರಗಿನಿಂದ ಪಡೆಯಬೇಕು. (ನಮ್ಮ ನಾಡಿನ ತಾಯಿ ಹೆಬ್ಬಾವು ಮೊಟ್ಟೆಗಳನ್ನು ಸುತ್ತಿಕೊಂಡು, ಮೈ ಅದುರಿಸಿ ಕಾವು ಕೊಡುತ್ತದೆ, ಅದು ಅಪರೂಪದ ವಿದ್ಯೆ.) ಹಾಗಾಗಿ ಪೆಟ್ಟಿಗೆಯ ಒಂದು ಬದಿ 31–32 ಡಿಗ್ರಿ, ಇನ್ನೊಂದು ಬದಿ 25–26 ಡಿಗ್ರಿ ಇರಬೇಕು. ಯಾವಾಗ ಎಷ್ಟು ಬಿಸಿ ಬೇಕು ಅಂತ ಹಾವೇ ಆ ಕಡೆ ಈ ಕಡೆ ಸರಿದು ನೋಡಿಕೊಳ್ಳುತ್ತದೆ. ಜನವರಿಯ ರಾತ್ರಿ ಮೈಸೂರು 16–17 ಡಿಗ್ರಿಗೆ ಇಳಿಯುತ್ತದಲ್ವಾ, ಆ ಚಳಿಯಲ್ಲಿ ನುಂಗಿದ ಇಲಿ ಅರಗದೆ ವಾಂತಿಯಾಗಬಹುದು, ಕಫ ಕಟ್ಟಿ ಬಾಯಿ ತೆರೆದು ಉಸಿರಾಡುವ ಸ್ಥಿತಿಯೂ ಬರಬಹುದು. ಹೀಟಿಂಗ್ ಪ್ಯಾಡ್ ಇಟ್ಟರೆ ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇರಲೇಬೇಕು, ಇಲ್ಲದಿದ್ದರೆ ಹೊಟ್ಟೆಯ ಚರ್ಮ ಸುಡುತ್ತದೆ.

ಇದರ ಮೇಲ್ದುಟಿಯನ್ನು ಹತ್ತಿರದಿಂದ ನೋಡಿ. ಸಾಲಾಗಿ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಬಿಸಿ ರಕ್ತದ ಪ್ರಾಣಿಯ ಮೈಯಿಂದ ಹೊಮ್ಮುವ ಶಾಖವನ್ನು ಕಗ್ಗತ್ತಲಲ್ಲೂ ಹಿಡಿಯುವುದು ಇವೇ. ಅದಕ್ಕೇ ಫ್ರೀಜರಿನ ಸತ್ತ ಇಲಿಯನ್ನು ಹಾಗೇ ಮುಂದಿಟ್ಟರೆ ಎಷ್ಟೋ ಸಲ ಮೂಸಿಯೂ ನೋಡುವುದಿಲ್ಲ. ಪೂರ್ತಿ ಕರಗಿಸಿ, ಬಿಸಿನೀರಿನಲ್ಲಿ ಇಟ್ಟು, ಚಿಮುಟದಲ್ಲಿ ಹಿಡಿದು ತೋರಿಸಬೇಕು. ನಾಲಿಗೆ ಎರಡು ಸಲ ಆಡುತ್ತದೆ, ಕತ್ತು ಎಸ್ ಅಕ್ಷರದಂತೆ ಮಡಚಿಕೊಳ್ಳುತ್ತದೆ, ಆಮೇಲೆ ಫಟ್ ಅಂತ ಹಿಡಿಯುತ್ತದೆ. ಜೀವಂತ ಇಲಿ ಬಿಡಬೇಡಿ, ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ. ತಿಂಗಳುಗಟ್ಟಲೆ ಊಟ ಬಿಡುವುದೂ ಇದರ ಸ್ವಭಾವ. ತೂಕ ಇಳಿಯದಿದ್ದರೆ ಗಾಬರಿ ಬೇಡ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು.

ಆಯಸ್ಸು ಇಪ್ಪತ್ತು ಮೂವತ್ತು ವರ್ಷ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಹೆಣ್ಣೊಂದು 2020ರಲ್ಲಿ, ಹದಿನೈದು ವರ್ಷ ಗಂಡಿನ ಜೊತೆಯೇ ಇಲ್ಲದೆ ಮೊಟ್ಟೆ ಇಟ್ಟಿತು! ಮಗನಿಗೆ ಅಂತ ತಂದರೆ ಅವನು ಕಾಲೇಜಿಗೆ ಹೋದ ಮೇಲೂ ನೀವೇ ನೋಡಿಕೊಳ್ಳಬೇಕಾಗುತ್ತದೆ. ವಿದೇಶಿ ಹಾವೇ ಆದರೂ 2024ರ ನಿಯಮದಂತೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ನಮ್ಮ ಹೆಬ್ಬಾವಿನ ಮಾತೇ ಬೇರೆ. ಮಂಡ್ಯ ಕಡೆ ಕಬ್ಬಿನ ಗದ್ದೆಗೆ ಇಲಿ ಹುಡುಕಿಕೊಂಡು ಬರುತ್ತದೆ, ಕಟಾವಿನಲ್ಲಿ ಎರಡಡಿ ಮರಿ ಸಿಕ್ಕರೆ ಮುದ್ದು ಬರುವುದು ಸಹಜ. ಮನೆಗೆ ತರಬೇಡಿ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ, ಜೈಲು ಗ್ಯಾರಂಟಿ. ಇನ್ನೊಂದು ಭಯವೂ ಇದೆ. ಅವಸರದಲ್ಲಿ ನೋಡಿದವರಿಗೆ ಕೊಳಕುಮಂಡಲವೂ ಹೆಬ್ಬಾವಿನ ಮರಿಯಂತೆಯೇ ಕಾಣುತ್ತದೆ. ಕೊಳಕುಮಂಡಲದ ಮೈಮೇಲೆ ಸರಪಳಿಯಂತೆ ಸಾಲುಸಾಲು ದುಂಡು ಮಚ್ಚೆ, ಹೆಬ್ಬಾವಿಗೆ ಅಂಕುಡೊಂಕು ದೊಡ್ಡ ಮಚ್ಚೆ. ಆದರೆ ಗದ್ದೆಯಲ್ಲಿ ನಿಂತು ಮಚ್ಚೆ ಪರೀಕ್ಷೆ ಮಾಡಲು ಹೋಗಬೇಡಿ, ದೂರ ಸರಿದು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.